ಅಮ್ಮನ ಮೊಣಕಾಲು ನೋವು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ತಕ್ಷಣ ಹೋಗಬೇಕು?

ಪ್ರಶ್ನೆ: ತೋಟದಮನೆ, ಪೆರ್ಲ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 58 ವರ್ಷ. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ ಇರುವುದರಿಂದ ತೋಟಕ್ಕೆ ಹೋಗಬೇಕಾದರೂ ಹಟ್ಟಿಗೆ ಹೋಗಬೇಕಾದರೂ ಮುರಕಲ್ಲಿನ ಮೆಟ್ಟಿಲುಗಳನ್ನು ಇಳಿದು ಹತ್ತಲೇಬೇಕು. ಕಳೆದ ಮಳೆಗಾಲದ ಹೊತ್ತಿಗೆ ಅವರಿಗೆ ಬಲ ಮೊಣಕಾಲಿನ ಒಳಬದಿಯಲ್ಲಿ ನೋವು ಶುರುವಾಯಿತು. ಮೊದಮೊದಲು ಕೆಲಸ ಹೆಚ್ಚಾದ ದಿನ ಮಾತ್ರ ಕಾಣಿಸಿಕೊಳ್ಳುತ್ತಿದ್ದ ನೋವು ಈಗ ಹೆಚ್ಚುಕಡಿಮೆ ದಿನವೂ ಇದೆ. ಹಾಲು ಕರೆಯಲು ಕುಕ್ಕರಗಾಲಿನಲ್ಲಿ ಕೂತು ಏಳುವಾಗ, ಮೆಟ್ಟಿಲು ಇಳಿಯುವಾಗ, ಮೆಟ್ಟುಕತ್ತಿಯ ಮುಂದೆ ಅಡಿಕೆ ಸುಲಿಯುತ್ತ ಗಂಟೆಗಟ್ಟಲೆ ಕೂತು ಎದ್ದಾಗ ಅವರು ಗೋಡೆ ಹಿಡಿಯದೆ ನಿಲ್ಲಲಾರರು. ಬೆಳಗ್ಗೆ ಕಾಲು ಹಿಡಿದುಕೊಂಡಂತಿರುತ್ತದೆ, ಹಟ್ಟಿಗೆ ಹೋಗಿ ಬರುವಷ್ಟರಲ್ಲಿ ಸಡಿಲವಾಗುತ್ತದೆ. ಮಡಚುವಾಗ ಕಟಕಟ ಸದ್ದು ಬರುತ್ತದೆ. ಜ್ವರವಿಲ್ಲ, ಬಿದ್ದದ್ದಿಲ್ಲ. ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಂಗಳೂರಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿಬಿಡು ಎಂದು ಸೋದರಮಾವ ಹೇಳುತ್ತಾರೆ. ಆ ಕಡೆ ಹೋದರೆ ಆಪರೇಷನ್ ಮಾಡದೆ ಬಿಡುವುದಿಲ್ಲ ಎಂಬ ಹೆದರಿಕೆ ಅತ್ತಿಗೆಗೆ. ಅಮ್ಮನಂತೂ ‘ವಯಸ್ಸಾಯಿತಲ್ಲ ಮಗಾ, ಇದಕ್ಕೆಲ್ಲ ಮದ್ದುಂಟಾ’ ಎಂದು ಹೇಳಿ, ತಡೆಯಲಾರದ ದಿನ ಪೇಟೆಯ ಅಂಗಡಿಯಿಂದ ತರಿಸಿದ ನೋವಿನ ಮಾತ್ರೆ ನುಂಗಿ ಮಲಗುತ್ತಾರೆ. ಮೊಣಕಾಲು ನೋವಿಗೆ ಸಾಮಾನ್ಯವಾಗಿ ಏನೇನು ಕಾರಣಗಳಿರುತ್ತವೆ, ಅವುಗಳಲ್ಲಿ ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು ಯಾವುದು, ತಡಮಾಡಬಾರದ್ದು ಯಾವುದು ಎಂದು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ವಿನಂತಿ.

ಉತ್ತರ: ಮೂಳೆ ಮತ್ತು ಕೀಲು ವೈದ್ಯ, ಮಂಗಳೂರು

ತೋಟದಮನೆಯವರೇ, ಮೊಣಕಾಲನ್ನು ಕೈಯಿಂದ ಮುಟ್ಟಿ ನೋಡದೆ ಯಾರೂ ರೋಗನಿರ್ಣಯ ಮಾಡಬಾರದು, ನಾನೂ ಮಾಡುವುದಿಲ್ಲ. ಆದರೆ ವೈದ್ಯರು ಮೊದಲು ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ತಮ್ಮ ಬರಹದಲ್ಲೇ ಉತ್ತರವಿದೆ. ವಯಸ್ಸು 45 ದಾಟಿದೆ, ಕೆಲಸ ಮಾಡಿದಾಗ ನೋವು ಏರುತ್ತದೆ, ಬೆಳಗ್ಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ. ಈ ಮೂರೂ ಕೂಡಿಬಂದಾಗ ಮೊದಲು ಯೋಚಿಸಬೇಕಾದದ್ದು ಮೊಣಕಾಲಿನ ಸವೆತವನ್ನು, ಅಂದರೆ ಆಸ್ಟಿಯೋ ಆರ್ಥ್ರೈಟಿಸನ್ನು. ಮೂಳೆಗಳ ತುದಿಗೆ ಹೊದಿಸಿದಂತಿರುವ ನುಣುಪಾದ ಮೃದ್ವಸ್ಥಿ ತೆಳುವಾಗುವುದು ಇದರ ಒಂದು ಭಾಗ ಮಾತ್ರ. ಸುತ್ತಲಿನ ಪೊರೆ ಊದಿಕೊಳ್ಳುವುದು, ಅಂಚಿನಲ್ಲಿ ಮೂಳೆ ಬೆಳೆಯುವುದು, ತೊಡೆಯ ಸ್ನಾಯು ಸೊರಗುವುದು ಎಲ್ಲವೂ ಜೊತೆಜೊತೆಗೆ ನಡೆಯುತ್ತವೆ. ಹೆಂಗಸರಲ್ಲಿ, ತೂಕ ಹೆಚ್ಚಿದವರಲ್ಲಿ, ಹಿಂದೆ ಮೊಣಕಾಲಿಗೆ ಪೆಟ್ಟಾದವರಲ್ಲಿ, ಕುಕ್ಕರಗಾಲಿನಲ್ಲಿ ಕೂತು ಭಾರದ ಕೆಲಸ ಮಾಡುವವರಲ್ಲಿ ಇದು ಹೆಚ್ಚು. ಸವೆತ ಎಂದ ಕೂಡಲೇ ಮನೆಯವರು ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಬಿಡುವುದನ್ನು ನಾನು ದಿನವೂ ನೋಡುತ್ತೇನೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಕೀಲು ಆಡುವಾಗ ಅದರೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಆದ್ದರಿಂದ ನಡೆಯುವುದನ್ನೇ ನಿಲ್ಲಿಸುವುದು ಕೀಲಿಗೆ ಕೇಡು.

ಆದರೂ ಒಂದು ಸಣ್ಣ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ. ನೋಯುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಲು ತಾಯಿಯವರನ್ನು ಕೇಳಿ. ಅಂಗೈಯಿಂದ ಇಡೀ ಮೊಣಕಾಲನ್ನು ಸವರಿ ತೋರಿಸಿದರೆ, ಅಥವಾ ಬೆರಳು ಒಳಬದಿಯಲ್ಲಿ ಕೀಲು ಕೂಡುವ ಗೆರೆಯ ಮೇಲೆಯೇ ನಿಂತರೆ, ಸವೆತದ ಸಂಭವ ಹೆಚ್ಚುತ್ತದೆ. ಆ ಗೆರೆಯಿಂದ ಎರಡು ಮೂರು ಬೆರಳಗಲ ಕೆಳಗೆ, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ಒಳಮೈಯಲ್ಲಿ ಒಂದು ಜಾಗ ಒತ್ತಿದರೆ ಜೀವ ಹೋಗುವಷ್ಟು ನೋಯುತ್ತದೆ ಎಂದಾದರೆ, ಅಲ್ಲಿ ಸ್ನಾಯುರಜ್ಜುಗಳ ಅಡಿಯಲ್ಲಿರುವ ಪುಟ್ಟ ದ್ರವದ ಚೀಲ ಉರಿಯೂತಗೊಂಡಿರಬಹುದು. ನಡುವಯಸ್ಸು ದಾಟಿದ, ಸಕ್ಕರೆ ಕಾಯಿಲೆಯಿರುವ ಹೆಂಗಸರಲ್ಲಿ ಇದು ಅಪರೂಪವಲ್ಲ. ಎಕ್ಸ್‌ರೇಯಲ್ಲಿ ಕಾಣದ ಇದನ್ನು ಸವೆತವೆಂದೇ ತಿಳಿದು ವರ್ಷಗಟ್ಟಲೆ ನರಳುವವರಿದ್ದಾರೆ.

ಬಾವಿಯ ರಾಟೆಯಂತೆ ತೊಡೆಯ ಸ್ನಾಯುವಿನ ಎಳೆತವನ್ನು ತಿರುಗಿಸಿಕೊಡುವ ಮಂಡಿಚಿಪ್ಪಿನ ಹಿಂಭಾಗದಲ್ಲಿ ನೋವಿದ್ದರೆ ಅದು ಮೆಟ್ಟಿಲಲ್ಲೂ, ಬಹಳ ಹೊತ್ತು ಕಾಲು ಮಡಚಿ ಕೂತಾಗಲೂ ಕಾಡುತ್ತದೆ, ಮತ್ತು ಇದು ಎಳೆಯರಲ್ಲೂ ಸಾಮಾನ್ಯ. ಮೊಣಕಾಲೂರಿ ನೆಲ ಒರೆಸುವವರಿಗೆ, ಟೈಲ್ಸ್ ಹಾಕುವವರಿಗೆ ಚಿಪ್ಪಿನ ಮುಂದೆಯೇ ಮೆತ್ತಗಿನ ಊತ ಬರುವುದುಂಟು. ಮೊಣಕಾಲಿನ ಹಿಂದೆ ಗುಳ್ಳೆಯಂತೆ ತುಂಬಿಕೊಂಡರೆ ಅದು ಹೆಚ್ಚಾಗಿ ಕೀಲಿನೊಳಗಿನ ದ್ರವ ಹಿಂದಕ್ಕೆ ಬಂದು ನಿಂತದ್ದು. ನೋವಿನ ಮೂಲ ಮೊಣಕಾಲಿನಲ್ಲಿ ಇಲ್ಲದೆಯೂ ಇರಬಹುದು. ಸೊಂಟದ ಕೀಲು ಕೆಟ್ಟರೆ ನೋವು ಮೊಣಕಾಲಿಗೆ ಇಳಿಯುತ್ತದೆ. ಮೊಣಕಾಲನ್ನು ಎಷ್ಟು ಒತ್ತಿದರೂ ನೋಯದೆ, ಮಲಗಿಸಿ ತೊಡೆಯನ್ನು ಒಳಕ್ಕೆ ತಿರುಗಿಸಿದಾಗ ನೋವಾದರೆ ಸೊಂಟವನ್ನು ನೋಡಲೇಬೇಕು. ಬೆನ್ನಿನ ನರ ಒತ್ತಿದಾಗಲೂ ಹೀಗಾಗುತ್ತದೆ.

ಎಂಆರ್‌ಐ ವಿಚಾರ. ತಾಯಿಯವರಿಗೆ ಈಗ ಅದು ಬೇಡ. ಐವತ್ತು ದಾಟಿದವರಲ್ಲಿ, ನೋವೇ ಇಲ್ಲದ ಮೊಣಕಾಲಿನಲ್ಲೂ ಮೆನಿಸ್ಕಸ್, ಅಂದರೆ ಕೀಲಿನ ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ, ಹರಿದಿರುವುದು ಎಂಆರ್‌ಐಯಲ್ಲಿ ಕಾಣುವುದು ಬಹಳ ಸಾಮಾನ್ಯ. ಆ ವರದಿ ಕೈಗೆ ಬಂದ ಮೇಲೆ ಬೇಡದ ಚಿಂತೆ, ಕೆಲವೊಮ್ಮೆ ಬೇಡದ ಶಸ್ತ್ರಚಿಕಿತ್ಸೆ ಹಿಂಬಾಲಿಸುತ್ತದೆ. ಚಿತ್ರ ಬೇಕೇಬೇಕೆಂದಾದರೆ ನಿಂತುಕೊಂಡು ತೆಗೆಸಿದ ಎಕ್ಸ್‌ರೇ ಸಾಕು. ಮಲಗಿಸಿ ತೆಗೆದ ಚಿತ್ರದಲ್ಲಿ ಮೈಭಾರ ಬೀಳದ ಕಾರಣ ಮೂಳೆಗಳ ನಡುವಿನ ಅಂತರ ಇದ್ದದ್ದಕ್ಕಿಂತ ಹೆಚ್ಚು ಕಾಣಬಹುದು, ಆದ್ದರಿಂದ ಚೀಟಿಯಲ್ಲಿ ‘ನಿಂತು’ ಎಂದು ಬರೆಸಿಕೊಳ್ಳಿ. ಎಕ್ಸ್‌ರೇಯಲ್ಲಿ ಬಹಳ ಸವೆದಂತೆ ಕಂಡೂ ಆರಾಮವಾಗಿ ನಡೆಯುವವರಿದ್ದಾರೆ, ಅಲ್ಪ ಸವೆತವಿದ್ದೂ ಬಹಳ ನೋಯುವವರೂ ಇದ್ದಾರೆ. ಚಿಕಿತ್ಸೆ ಮನುಷ್ಯನಿಗೆ ಕೊಡಬೇಕಾದದ್ದು, ಚಿತ್ರಕ್ಕೆ ಕೊಡಬೇಕಾದದ್ದಲ್ಲ.

ಉತ್ತರ: ಅಧ್ಯಾಪಿಕೆ, ನೀರ್ಚಾಲು

ವೈದ್ಯರು ಬೆಳಗ್ಗಿನ ಬಿಗಿತದ ಬಗ್ಗೆ ಬರೆದುದಕ್ಕೆ ನಮ್ಮ ಮನೆಯ ಅನುಭವವನ್ನು ಸೇರಿಸಬೇಕೆನಿಸಿತು. ನನ್ನ ಅತ್ತೆಯವರಿಗೂ ಮೊಣಕಾಲಿನಲ್ಲೇ ನೋವು ಶುರುವಾದದ್ದು. ಅವರ ವಯಸ್ಸನ್ನು ನೋಡಿ ಎಲ್ಲರೂ ಸವೆತವೆಂದೇ ಭಾವಿಸಿದ್ದರು. ಆದರೆ ಅವರಿಗೆ ಬೆಳಗ್ಗೆ ಏಳು ಗಂಟೆಗೆ ಎದ್ದರೆ ಒಂಬತ್ತಾದರೂ ಕೈಕಾಲು ಬಿಡುತ್ತಿರಲಿಲ್ಲ, ಎರಡೂ ಮೊಣಕಾಲುಗಳು ಒಟ್ಟಿಗೆ ಊದಿಕೊಳ್ಳುತ್ತಿದ್ದವು, ಮತ್ತು ತೆಂಗಿನಕಾಯಿ ತುರಿಯುವಾಗ ಕಾಯಿಯನ್ನು ಹಿಡಿಯಲು ಬೆರಳುಗಳು ಮಡಚುತ್ತಿರಲಿಲ್ಲ. ಬೆರಳಿನ ಬುಡದ ಗೆಣ್ಣುಗಳು ದಪ್ಪವಾಗಿರುವುದನ್ನು ಬಳೆ ತೊಡಿಸುವಾಗ ಗಮನಿಸಿದವಳು ನನ್ನ ನಾದಿನಿ. ರಕ್ತ ಪರೀಕ್ಷೆ ಮಾಡಿಸಿದಾಗ ರುಮಟಾಯ್ಡ್ ಸಂಧಿವಾತ ಎಂದು ತಿಳಿಯಿತು. ಅದು ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆಯಂತೆ. ಮೊದಲ ತಿಂಗಳುಗಳಲ್ಲೇ ಸರಿಯಾದ ಔಷಧ ಶುರುಮಾಡಿದರೆ ಕೀಲು ವಿಕಾರವಾಗುವುದನ್ನು ಬಹುಮಟ್ಟಿಗೆ ತಡೆಯಬಹುದು ಎಂದು ಸಂಧಿವಾತದ ತಜ್ಞರು ವಿವರಿಸಿದರು.

ಗಡಿಯ ಈಚೆ, ಕೇರಳದಲ್ಲಿ ಇರುವ ನಮಗೆ ಮುಖ್ಯವಾದ ಇನ್ನೊಂದು ಸಂಗತಿ. ಆ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಚೀಟಿಯ ಸೂಚನೆಗಳೆಲ್ಲ ಮಲಯಾಳದಲ್ಲಿದ್ದವು, ಅತ್ತೆಯವರು ಓದಬಲ್ಲವರು ಕನ್ನಡ ಮಾತ್ರ, ಮತ್ತು ಉಳಿದೆಲ್ಲ ಮಾತ್ರೆಗಳೂ ದಿನವೂ ತೆಗೆದುಕೊಳ್ಳುವಂಥವೇ. ಈ ಮಾತ್ರೆಯನ್ನು ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಅಪಾಯ. ಅದಕ್ಕಾಗಿ ನಾವು ಪ್ರತಿಯೊಂದು ಔಷಧದ ಹೆಸರು, ದಿನ, ಹೊತ್ತುಗಳನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಿದೆವು. ಕೀಲುನೋವಿಗೆ ಮಾತ್ರವಲ್ಲ, ಯಾವ ಚೀಟಿಗೂ ಈ ಕಡೆಯವರು ಇಷ್ಟು ಮಾಡಲೇಬೇಕು. ನರ್ಸ್ ಬಳಿ ಕೇಳಿದರೆ ಓದಿ ಹೇಳುತ್ತಾರೆ, ಯಾರೂ ಬೇಸರಿಸುವುದಿಲ್ಲ.

2006ರ ಬಳಿಕ ಕೇರಳದಲ್ಲಿ ಹರಡಿದ ಚಿಕುನ್‌ಗುನ್ಯದ ನೆನಪು ನಮ್ಮ ಊರುಗಳಲ್ಲಿ ಹಿರಿಯರಿಗೆಲ್ಲ ಇದೆ. ಜ್ವರ ಬಿಟ್ಟು ತಿಂಗಳುಗಳು ಕಳೆದರೂ ಗಂಟುನೋವು ಉಳಿಯುತ್ತಿತ್ತು. ತೋಟಗಳಲ್ಲಿ ಅಡಿಕೆ ಹಾಳೆಯಲ್ಲಿ, ತೆಂಗಿನ ಚಿಪ್ಪಿನಲ್ಲಿ ನೀರು ನಿಂತು ಸೊಳ್ಳೆಯಾಗುವ ಕಾಲದಲ್ಲಿ ಜ್ವರ ಬಂದು ಅದರ ಬೆನ್ನಿಗೇ ಕೀಲುಗಳು ಹಿಡಿದರೆ ಆ ಜ್ವರದ ವಿಷಯವನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಉತ್ತರ: ಔಷಧದಂಗಡಿ ಕೌಂಟರ್, ಬದಿಯಡ್ಕ

ತಾಯಿಯವರು ಪೇಟೆಯಿಂದ ತರಿಸಿ ನುಂಗುವ ಮಾತ್ರೆಯ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತಿದ್ದೇನೆ. ‘ಕಾಲುನೋವಿಗೆ ಒಂದು ಮಾತ್ರೆ’ ಎಂದು ಕೇಳಿದರೆ ಹೆಚ್ಚಾಗಿ ಸಿಗುವುದು ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಅಥವಾ ಎಟೊರಿಕಾಕ್ಸಿಬ್. ಇವು ನೋವು ತಗ್ಗಿಸುವುದು ನಿಜ. ಆದರೆ ಇವು ರಕ್ತದೊತ್ತಡವನ್ನು ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ತರುತ್ತವೆ, ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ರಕ್ತದೊತ್ತಡದ ಮಾತ್ರೆಗಳಲ್ಲಿ ‘ಪ್ರಿಲ್’ ಅಥವಾ ‘ಸಾರ್ಟನ್’ ಎಂದು ಕೊನೆಗೊಳ್ಳುವ ಹೆಸರಿನವು ಇದ್ದು, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ, ಅದರ ಮೇಲೆ ನೋವಿನ ಮಾತ್ರೆ ಬಿದ್ದಾಗ ಮೂರೂ ಸೇರಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಮೊದಲೇ ಸೂಕ್ಷ್ಮವಾಗಿರುತ್ತದೆ. ವಾಂತಿಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದ ದಿನವಂತೂ ಇದು ಅತ್ಯಂತ ಅಪಾಯಕಾರಿ. ಕಪ್ಪಗೆ ಟಾರಿನಂತೆ ಮಲ ಹೋದರೆ, ಕಾಲಿನ ಪಾದ ಊದಿದರೆ, ಮೂತ್ರ ಕಡಿಮೆಯಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು.

ಹಾಗೆಂದು ಅವರು ನೋವು ತಿಂದುಕೊಂಡೇ ಇರಬೇಕೆಂದು ನಾನು ಹೇಳುತ್ತಿಲ್ಲ. ಮೊಣಕಾಲು ಚರ್ಮದ ಹತ್ತಿರವೇ ಇರುವ ಕೀಲಾದ್ದರಿಂದ ಡೈಕ್ಲೋಫೆನಾಕ್ ಜೆಲ್ ಹಚ್ಚುವುದರಿಂದ ಸಾಕಷ್ಟು ಜನರಿಗೆ ಗುಣ ಸಿಗುತ್ತದೆ. ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆ. ಒಮ್ಮೆ ಹಚ್ಚಿ ಬಿಟ್ಟರೆ ಪ್ರಯೋಜನವಿಲ್ಲ, ವೈದ್ಯರು ಹೇಳಿದಂತೆ ದಿನಕ್ಕೆ ಮೂರು ನಾಲ್ಕು ಬಾರಿ ಒಂದೆರಡು ವಾರ ಹಚ್ಚಿ ನೋಡಬೇಕು. ಗಾಯವಿದ್ದಲ್ಲಿ ಹಚ್ಚಬಾರದು, ಅದರ ಮೇಲೆ ಬಿಸಿ ಶಾಖ ಕೊಡಬಾರದು. ಗ್ಲುಕೋಸಮೈನ್ ಎಂಬ ದುಬಾರಿ ಮಾತ್ರೆಯನ್ನು ವರ್ಷಾನುಗಟ್ಟಲೆ ತೆಗೆದುಕೊಳ್ಳುವವರಿದ್ದಾರೆ, ಅದರಿಂದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಇನ್ನು, ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಗಂಟುನೋವಿನ ಪುಡಿಗಳನ್ನು ಖಂಡಿತ ಮುಟ್ಟಬೇಡಿ. ಎರಡೇ ದಿನದಲ್ಲಿ ನೋವು ಮಾಯವಾಗಿ ಮುಖ ದುಂಡಗಾಗಿ ಸಕ್ಕರೆ ಏರಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಬಲವಾದದ್ದು. ಬಹುಕಾಲ ತೆಗೆದುಕೊಂಡವರು ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಪೊಟ್ಟಣವನ್ನು ಕೈಯಲ್ಲೇ ಹಿಡಿದು ವೈದ್ಯರ ಬಳಿ ಹೋಗಬೇಕು.

ಮರುಪ್ರಶ್ನೆ: ತೋಟದಮನೆ, ಪೆರ್ಲ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಮ್ಮ ಬೆರಳಿಟ್ಟು ತೋರಿಸಿದ್ದು ಕೀಲಿನ ಗೆರೆಯ ಮೇಲೆಯೇ. ಅವರು ತೆಗೆದುಕೊಳ್ಳುವ ರಕ್ತದೊತ್ತಡದ ಮಾತ್ರೆಯ ಹೆಸರು ‘ಸಾರ್ಟನ್’ ಎಂದೇ ಕೊನೆಗೊಳ್ಳುತ್ತದೆ, ನೋವಿನ ಮಾತ್ರೆಯನ್ನು ಇವತ್ತಿನಿಂದಲೇ ನಿಲ್ಲಿಸಿದ್ದೇವೆ. ಇನ್ನೆರಡು ಸಂಗತಿಗಳನ್ನು ಕೇಳಬೇಕಿತ್ತು. ಯಾವ ಲಕ್ಷಣ ಕಂಡರೆ ಬೆಳಗಾಗುವ ತನಕ ಕಾಯದೆ ಹೊರಡಬೇಕು? ಮತ್ತು, ಅಕ್ಕನ ಮಗನಿಗೆ 14 ವರ್ಷ, ಶಾಲೆಯ ಕಬಡ್ಡಿ ತಂಡದಲ್ಲಿದ್ದಾನೆ. ಅವನಿಗೂ ಚಿಪ್ಪಿನ ಕೆಳಗೆ ಒಂದು ಗಂಟು ಎದ್ದು ನೋಯುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಮೂಳೆ ಮತ್ತು ಕೀಲು ವೈದ್ಯ, ಮಂಗಳೂರು

ಸಂಬಂಧವಿಲ್ಲ. ಬೆಳೆಯುವ ಮಕ್ಕಳಲ್ಲಿ ತೊಡೆಯ ಸ್ನಾಯುವಿನ ರಜ್ಜು ಮೊಣಕಾಲಿನ ಕೆಳಗಿನ ಮೂಳೆಗೆ ಬಂದು ಸೇರುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಡಿ ಹಾರುವ ಆಟಗಳಲ್ಲಿ ಅಲ್ಲಿ ಮೇಲಿಂದ ಮೇಲೆ ಎಳೆತ ಬಿದ್ದು ಗಂಟು ಏಳುತ್ತದೆ. ಆಸ್‌ಗುಡ್ ಶ್ಲಾಟರ್ ಎಂದು ಅದಕ್ಕೆ ಹೆಸರು. ಎತ್ತರ ಬೆಳೆಯುವುದು ನಿಂತ ಮೇಲೆ ನೋವು ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಆಟವನ್ನು ಪೂರ್ತಿ ಬಿಡಿಸಬೇಕಾಗಿಲ್ಲ, ನೋವು ತಗ್ಗುವ ಮಟ್ಟಕ್ಕೆ ಇಳಿಸಿದರೆ ಸಾಕು. ಆದರೆ ಮಕ್ಕಳ ಮೊಣಕಾಲು ನೋವಿನಲ್ಲಿ ಮೂರು ಸಂಗತಿಗಳನ್ನು ನಾನು ಲಘುವಾಗಿ ನೋಡುವುದೇ ಇಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸುವ, ಆಟಕ್ಕೂ ವಿಶ್ರಾಂತಿಗೂ ಸಂಬಂಧವಿಲ್ಲದೆ ವಾರದಿಂದ ವಾರಕ್ಕೆ ಹೆಚ್ಚುವ ನೋವು ಮೊದಲನೆಯದು. ಮೊಣಕಾಲಿನ ಸ್ವಲ್ಪ ಮೇಲೋ ಕೆಳಗೋ ಮೂಳೆಯೇ ದಪ್ಪವಾದಂತೆ ಕಾಣುವ ಊತ ಎರಡನೆಯದು. ಹದಿಹರೆಯದಲ್ಲಿ ಬರುವ ಮೂಳೆಯ ಗಡ್ಡೆಗಳು ಮೊಣಕಾಲಿನ ಸುತ್ತಲೇ ಹೆಚ್ಚು, ಅವನ್ನು ‘ಆಟದಲ್ಲಿ ಪೆಟ್ಟಾದದ್ದು’ ಎಂದು ತಿಂಗಳುಗಟ್ಟಲೆ ಬಿಡುವುದರಿಂದ ಭಾರೀ ನಷ್ಟವಾಗುತ್ತದೆ. ಕುಂಟುವುದು ಮೂರನೆಯದು. ಮಗು ಮೊಣಕಾಲು ಎನ್ನುತ್ತಿದ್ದರೂ ತೊಂದರೆ ಸೊಂಟದ ಕೀಲಿನಲ್ಲಿರಬಹುದು, ಆದ್ದರಿಂದ ಮೊಣಕಾಲು, ಸೊಂಟ ಎರಡರ ಎಕ್ಸ್‌ರೇಯೂ ಬೇಕಾಗುತ್ತದೆ. ತಮ್ಮ ಅಕ್ಕನ ಮಗನಲ್ಲಿ ಇವು ಯಾವುವೂ ಇಲ್ಲವೆಂದು ಖಚಿತಪಡಿಸಿಕೊಂಡು, ಒಮ್ಮೆ ವೈದ್ಯರಿಗೆ ತೋರಿಸಿಬಿಡಿ.

ಅದೇ ಕಬಡ್ಡಿ ಅಂಕಣದಲ್ಲಿ ಕಾಲು ನೆಲಕ್ಕೆ ಊರಿ ಮೈ ತಿರುಗಿದಾಗ ಒಳಗೆ ‘ಟಪ್’ ಎಂದು ಸದ್ದಾಗಿ ಒಂದೆರಡು ಗಂಟೆಯೊಳಗೆ ಮೊಣಕಾಲು ಊದಿಕೊಂಡರೆ, ಕೀಲಿನ ನಡುವಿನ ಮುಂಭಾಗದ ಅಸ್ಥಿರಜ್ಜು ಹರಿದಿರುವ ಸಾಧ್ಯತೆ ಬಹಳ. ಊತ ಮರುದಿನ ಬಂದು, ಮೊಣಕಾಲು ನಡುವೆ ಸಿಕ್ಕಿಕೊಂಡು ಪೂರ್ತಿ ನೀಡಲಾಗದಿದ್ದರೆ ಅದು ಮೆನಿಸ್ಕಸ್ ಇರಬಹುದು. ಎಂಆರ್‌ಐ ನಿಜವಾಗಿ ಕೆಲಸಕ್ಕೆ ಬರುವುದು ಇಂಥಲ್ಲಿ. ಬಿದ್ದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮೊಣಕಾಲನ್ನು ಲಂಬಕೋನದಷ್ಟೂ ಮಡಚಲಾಗದಿದ್ದರೆ, ಅಥವಾ ಬಿದ್ದವರ ವಯಸ್ಸು 55 ದಾಟಿದ್ದರೆ, ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ಎಕ್ಸ್‌ರೇ ತೆಗೆಸಲೇಬೇಕು. ಅಂಥ ಕಾಲನ್ನು ಉಳುಕು ತೆಗೆಯುವವರ ಕೈಗೆ ಕೊಟ್ಟು ಎಳೆಸಬೇಡಿ.

ಇನ್ನು ತಾವು ಕೇಳಿದ ಮೊದಲ ಪ್ರಶ್ನೆ. ಒಂದು ಮೊಣಕಾಲು ಒಂದೆರಡು ದಿನಗಳಲ್ಲೇ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಊದಿಕೊಂಡು, ಕಾಲು ಅಲ್ಲಾಡಿಸಲೂ ಆಗದಷ್ಟು ನೋಯುತ್ತಿದ್ದರೆ ಅದು ಕೀಲಿನೊಳಗೆ ಕೀವು ತುಂಬುವ ಸೋಂಕಾಗಿರಬಹುದು. ಜ್ವರ ಹೆಚ್ಚಾಗಿ ಇರುತ್ತದೆ, ಆದರೆ ವಯಸ್ಸಾದವರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಜ್ವರವಿಲ್ಲದೆಯೂ ಇರುತ್ತದೆ. ಕೀವು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ಕರಗಿಸಿಬಿಡುತ್ತದೆ ಮತ್ತು ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೆ ಅಪಾಯ. ತಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಮನೆಯವರೆಲ್ಲರೂ ಇದನ್ನು ನೆನಪಿಡಬೇಕು. ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಸೇರುವ ಗೌಟ್ ಕಾಯಿಲೆಯಲ್ಲೂ ಹೀಗೆಯೇ ರಾತ್ರೋರಾತ್ರಿ ಕೀಲು ಕೆಂಪಾಗುವುದುಂಟು. ಅದು ಹೆಚ್ಚಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಬರುತ್ತದೆ, ಮೊಣಕಾಲಿನಲ್ಲೂ ಬರಬಹುದು. ನೋವಿನ ಹೊತ್ತಿನಲ್ಲಿ ರಕ್ತದ ಯೂರಿಕ್ ಆಮ್ಲ ಸಹಜವಾಗಿಯೇ ಕಾಣಬಹುದು, ಹಾಗಾಗಿ ಎರಡನ್ನೂ ಬೇರ್ಪಡಿಸಲು ನಂಬತಕ್ಕ ದಾರಿ ಎಂದರೆ ಸೂಜಿಯಿಂದ ಕೀಲಿನ ದ್ರವವನ್ನು ತೆಗೆದು ಪರೀಕ್ಷಿಸುವುದು. ಆ ಸೂಜಿಗೆ ಹೆದರಿ ಬರೀ ಆ್ಯಂಟಿಬಯೊಟಿಕ್ ಮಾತ್ರೆ ತೆಗೆದುಕೊಂಡು ಮನೆಗೆ ಹಿಂದಿರುಗಬೇಡಿ.

ಮೀನಖಂಡ ಊದಿ ಬಿಗಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ, ಅದರ ಜೊತೆಗೆ ಉಸಿರು ಕಟ್ಟಿದರೆ ಒಂದು ನಿಮಿಷವೂ ತಡಮಾಡಬಾರದು. ಬಿದ್ದ ಮೇಲೆ ಕಾಲು ಸೊಟ್ಟಗಾಗಿ ಪಾದ ತಣ್ಣಗಾದರೆ, ಮರಗಟ್ಟಿದರೆ ಆಗಲೂ ಅಷ್ಟೇ. ಇವನ್ನು ಬಿಟ್ಟರೆ, ಆರು ವಾರ ಮನೆಯ ಆರೈಕೆ ಮಾಡಿಯೂ ತಗ್ಗದ ನೋವು, ಮತ್ತೆ ಮತ್ತೆ ಬರುವ ಊತ, ನಡೆಯುವಾಗ ಮೊಣಕಾಲು ಕುಸಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬೆಳಗ್ಗಿನ ಬಿಗಿತ ಅರ್ಧ ಗಂಟೆ ಮೀರುವುದು, ಇವುಗಳಿಗೆ ಅದೇ ವಾರದಲ್ಲಿ ಸಮಯ ಮಾಡಿಕೊಂಡು ಹೋಗಿ. ಮೊದಲು ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ ಸಾಕು. ಸಕ್ಕರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮುಂತಾದ ಪರೀಕ್ಷೆಗಳಿಗೆ ಅಲ್ಲೇ ದಾರಿಯಾಗುತ್ತದೆ. ಎಕ್ಸ್‌ರೇ ಬೇಕಾದರೆ ಕಾಸರಗೋಡಿನ ಜನರಲ್ ಆಸ್ಪತ್ರೆ ಇದೆ. ಎಲ್ಲದಕ್ಕೂ ಗಡಿಯ ತಲಪಾಡಿ ದಾಟಿ ಬರಬೇಕಾಗಿಲ್ಲ ಎಂದು ಮಂಗಳೂರಿನಲ್ಲಿ ಕೂತಿರುವ ನಾನೇ ಹೇಳುತ್ತಿದ್ದೇನೆ.

ಉತ್ತರ: ಫಿಸಿಯೋಥೆರಪಿಸ್ಟ್, ಕುಂಬಳೆ

ಸವೆತದ ಚಿಕಿತ್ಸೆಯಲ್ಲಿ ಅತ್ಯಂತ ಗಟ್ಟಿಯಾದ ಭಾಗ ವ್ಯಾಯಾಮ, ಮತ್ತು ಅದೇ ಎಲ್ಲರೂ ಅರ್ಧಕ್ಕೆ ಬಿಡುವ ಭಾಗ. ನೋವಿಗೆ ಹೆದರಿ ಕಾಲು ಬಳಸದಿದ್ದರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಅದು ಸೊರಗಿದರೆ ಪ್ರತಿ ಹೆಜ್ಜೆಯ ಪೆಟ್ಟು ನೇರವಾಗಿ ಕೀಲಿಗೆ ಬೀಳುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ತಾಯಿಯವರು ಮಂಚದ ಮೇಲೆ ಕಾಲು ನೀಡಿ ಕೂತು ಮೊಣಕಾಲಿನ ಅಡಿಯಲ್ಲಿ ಸುರುಳಿ ಸುತ್ತಿದ ಬೈರಾಸನ್ನು (ಟವೆಲನ್ನು) ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡಲಿ. ಹತ್ತು ಸಲ ಮಾಡಿದರೆ ಒಂದು ಸುತ್ತು, ದಿನಕ್ಕೆ ಮೂರು ಸುತ್ತು. ತೊಡೆಯ ಮೇಲೆ ಅಂಗೈ ಇಟ್ಟು ನೋಡಿದರೆ ಸ್ನಾಯು ಗಟ್ಟಿಯಾಗುವುದು ತಿಳಿಯಬೇಕು, ತಿಳಿಯದಿದ್ದರೆ ಅವರು ಒತ್ತುತ್ತಿರುವುದು ಹಿಮ್ಮಡಿಯನ್ನು, ಮೊಣಕಾಲನ್ನಲ್ಲ. ಒಂದೆರಡು ವಾರದಲ್ಲಿ ಇದು ಸಲೀಸಾದ ಮೇಲೆ ಮಲಗಿ ಮೊಣಕಾಲು ಮಡಚದೆ ಕಾಲನ್ನು ಒಂದು ಗೇಣಿನಷ್ಟು ಎತ್ತಿ ಹಿಡಿಯುವುದು, ಆಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ವ್ಯಾಯಾಮದ ಬಳಿಕ ಅಲ್ಪ ನೋವು ಬಂದು ಮರುದಿನದೊಳಗೆ ಹೋದರೆ ಹೆದರಬೇಕಾಗಿಲ್ಲ. ಊತ ಬಂದರೆ ಮಾತ್ರ ಪ್ರಮಾಣ ಇಳಿಸಬೇಕು. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ಎರಡನೆಯ ವಾರದಲ್ಲಿ ‘ಇದರಿಂದ ಏನೂ ಆಗಲಿಲ್ಲ’ ಎಂದು ಬಿಡದಂತೆ ಮನೆಯವರೇ ಒತ್ತಾಯಿಸಬೇಕು.

ತೂಕದ ವಿಚಾರವನ್ನು ತಾವು ಬರೆದಿಲ್ಲ. ಅದು ಹೆಚ್ಚಿದ್ದರೆ, ಮೈತೂಕ ಒಂದು ಕಿಲೋ ಇಳಿದಾಗ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂಬುದನ್ನು ಅವರಿಗೆ ತಿಳಿಸಿ. ಹತ್ತಿಪ್ಪತ್ತು ಕಿಲೋ ಇಳಿಸಬೇಕಾಗಿಲ್ಲ, ನಾಲ್ಕೈದು ಕಿಲೋ ಇಳಿದವರಿಗೂ ವ್ಯತ್ಯಾಸ ತಿಳಿಯುತ್ತದೆ, ಸಕ್ಕರೆಯೂ ಹತೋಟಿಗೆ ಬರುತ್ತದೆ.

ನಮ್ಮ ಕಡೆಯ ತೋಟದ ಮನೆಗಳಲ್ಲಿ ಕೆಲಸ ಬಿಡಿ ಎಂದು ಹೇಳಿ ಪ್ರಯೋಜನವಿಲ್ಲ, ಕೂರುವ ರೀತಿಯನ್ನು ಬದಲಿಸಬೇಕು. ಹಾಲು ಕರೆಯಲು ಕುಕ್ಕರಗಾಲಿನ ಬದಲು ಒಂದು ಗಟ್ಟಿ ಸ್ಟೂಲು ಇಡಿ. ಮೆಟ್ಟುಕತ್ತಿಯನ್ನು ನೆಲದಿಂದ ಎತ್ತಿ ಬೆಂಚಿನ ಮೇಲೆ ಭದ್ರವಾಗಿ ಕೂರಿಸಿ, ಬೆಂಚಿನ ಮೇಲೆ ಕೂತೇ ಸುಲಿಯುವಂತೆ ಬಡಗಿಯಿಂದ ಮಾಡಿಸಬಹುದು. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ನಡೆಯಲಿ. ನೆಲಮಟ್ಟದ ಶೌಚಾಲಯವಿದ್ದರೆ ಅದರ ಮೇಲೆ ಇಡುವ ಕುರ್ಚಿಯಂಥ ಕಮೋಡು ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಮುರಕಲ್ಲಿನ ಮೆಟ್ಟಿಲಿಗೆ ಒಂದು ಬದಿಯಲ್ಲಿ ಹಿಡಿಕೆ ಬೇಕೇಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ಸವೆತದಿಂದ ಮಲಗಿದವರಿಗಿಂತ ಹೆಚ್ಚು ಕಷ್ಟಪಡುತ್ತಾರೆ. ಹತ್ತುವಾಗ ಮೊದಲು ನೋವಿಲ್ಲದ ಎಡಗಾಲು, ಇಳಿಯುವಾಗ ಮೊದಲು ನೋವಿರುವ ಬಲಗಾಲು. ದೊಣ್ಣೆ ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ, ಅಂದರೆ ಎಡಗೈಯಲ್ಲಿ. ನೂರರಲ್ಲಿ ತೊಂಬತ್ತು ಜನ ನೋವಿನ ಬದಿಯಲ್ಲೇ ಹಿಡಿಯುತ್ತಾರೆ ಎಂದರೂ ತಪ್ಪಾಗದು.

ಉತ್ತರ: ನಿವೃತ್ತ ಅಂಚೆ ನೌಕರ, ಮಂಜೇಶ್ವರ

ಎಲ್ಲರೂ ಶಸ್ತ್ರಚಿಕಿತ್ಸೆ ಬೇಡವೆಂಬ ಕಡೆಗೇ ವಾಲುತ್ತಿರುವುದರಿಂದ ಇನ್ನೊಂದು ಬದಿಯನ್ನೂ ಹೇಳಬೇಕೆನಿಸಿತು. ನನ್ನ ಅಣ್ಣ ‘ಆಪರೇಷನ್ ಮಾಡಿಸಿದರೆ ಮತ್ತೆ ಏಳಲಾಗದು’ ಎಂಬ ಯಾರದೋ ಮಾತು ನಂಬಿ ವರ್ಷಗಳನ್ನು ತಳ್ಳಿದರು. ಕಾಲುಗಳು ಹೊರಕ್ಕೆ ಬಿಲ್ಲಿನಂತೆ ಬಾಗಿದವು, ಮೊಣಕಾಲು ಪೂರ್ತಿ ನೀಡಲಾಗದಂತಾಯಿತು, ದೇವಸ್ಥಾನಕ್ಕೆ ಹೋಗುವುದನ್ನೂ ಮದುವೆಮನೆಗಳಿಗೆ ಹೋಗುವುದನ್ನೂ ಬಿಟ್ಟರು. ಕೊನೆಗೆ ಎರಡೂ ಮೊಣಕಾಲಿಗೆ ಕೃತಕ ಕೀಲು ಹಾಕಿಸಿಕೊಂಡ ಮೇಲೆ ಈಗ ಪೇಟೆಗೆ ತಾವೇ ನಡೆದುಹೋಗುತ್ತಾರೆ. ಸ್ನಾಯು ಅಷ್ಟು ಸೊರಗುವ ಮೊದಲೇ ಬಂದಿದ್ದರೆ ಚೇತರಿಕೆ ಇನ್ನೂ ಬೇಗ ಆಗುತ್ತಿತ್ತು ಎಂದು ಅವರ ವೈದ್ಯರು ಹೇಳಿದ್ದರು. ವೆಚ್ಚದ ಬಗ್ಗೆಯೂ ಒಂದು ಮಾತು. ಕೃತಕ ಕೀಲಿನ ಬೆಲೆಗೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು, ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ತೋರಿಸುವಂತೆ ಕೇಳಬಹುದು. ಅರ್ಹ ಕುಟುಂಬಗಳಿಗೆ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆ ಚಿಕಿತ್ಸೆಗೆ ರಕ್ಷಣೆಯಿದೆ. ಹೋಗುವ ಆಸ್ಪತ್ರೆ ಆ ಯೋಜನೆಯಲ್ಲಿದೆಯೇ, ಈ ಶಸ್ತ್ರಚಿಕಿತ್ಸೆ ಅದರಲ್ಲಿ ಸೇರುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸಿಕೊಳ್ಳಬೇಕು.

ಉತ್ತರ: ಮೂಳೆ ಮತ್ತು ಕೀಲು ವೈದ್ಯ, ಮಂಗಳೂರು

ಮಂಜೇಶ್ವರದವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ವ್ಯಾಯಾಮ, ತೂಕ, ಔಷಧ ಎಲ್ಲವನ್ನೂ ಶ್ರದ್ಧೆಯಿಂದ ಮಾಡಿಯೂ ರಾತ್ರಿ ನಿದ್ದೆ ಬಾರದಂತಾದರೆ, ಮನೆಯೊಳಗೆ ನಡೆಯುವುದೇ ಕಷ್ಟವಾದರೆ, ಆಗ ಕೀಲು ಬದಲಾವಣೆ ಒಳ್ಳೆಯ ಚಿಕಿತ್ಸೆ. ಹಾಕಿದ ಕೀಲುಗಳಲ್ಲಿ ಬಹುಪಾಲು 15ರಿಂದ 20 ವರ್ಷ ಬಾಳುತ್ತವೆ. ಅದಕ್ಕೆ ಮೊದಲು ಸಕ್ಕರೆ ಹತೋಟಿಯಲ್ಲಿರಬೇಕು, ಹಲ್ಲಿನ ಹುಳುಕು, ಕಾಲಿನ ಹುಣ್ಣುಗಳೆಲ್ಲ ಮಾಯ್ದಿರಬೇಕು, ಇಲ್ಲವಾದರೆ ಸೋಂಕಿನ ಭಯ. ಸವೆತಕ್ಕೆ ದುರ್ಬೀನು ಹಾಕಿ ಕೀಲನ್ನು ತೊಳೆಯುವ ಶಸ್ತ್ರಚಿಕಿತ್ಸೆಯಿಂದ ಮಾತ್ರ ಲಾಭವಿಲ್ಲವೆಂದು ಈಗ ಸ್ಪಷ್ಟವಾಗಿದೆ, ಯಾರಾದರೂ ಸೂಚಿಸಿದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ವಾರಗಳ ಮಟ್ಟಿಗೆ ನೋವು ತಗ್ಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದರ ಬಳಿಕ ಕೆಲವು ದಿನ ಸಕ್ಕರೆ ಏರುತ್ತದೆ, ಮತ್ತು ಮೂರು ತಿಂಗಳೊಳಗೆ ಅದನ್ನು ಪುನಃ ಚುಚ್ಚಿಸಬಾರದು. ತಮ್ಮ ತಾಯಿಯವರು ಇದಾವುದರ ಹತ್ತಿರಕ್ಕೂ ಬಂದಿಲ್ಲವೆಂದೇ ಬರಹದಿಂದ ತೋರುತ್ತದೆ.

ಮರುಪ್ರಶ್ನೆ: ತೋಟದಮನೆ, ಪೆರ್ಲ

ಸೋಮವಾರ ಅಮ್ಮನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಕ್ರಿಯಾಟಿನಿನ್ ಮತ್ತು ಸಕ್ಕರೆ ನೋಡಿಸುತ್ತೇನೆ, ಎಕ್ಸ್‌ರೇ ಬೇಕೆಂದರೆ ನಿಂತು ತೆಗೆಸುತ್ತೇನೆ. ಬೈರಾಸಿನ ವ್ಯಾಯಾಮ ಇವತ್ತು ಸಂಜೆಯೇ ಶುರುವಾಯಿತು. ಕೊನೆಯದಾಗಿ ಒಂದು. ಅಮ್ಮ ರಾತ್ರಿ ಬಿಸಿ ಎಣ್ಣೆ ಹಚ್ಚಿ ಉಜ್ಜಿಸಿಕೊಳ್ಳುತ್ತಾರೆ, ಅದನ್ನು ಮುಂದುವರಿಸಬಹುದೇ?

ಉತ್ತರ: ಫಿಸಿಯೋಥೆರಪಿಸ್ಟ್, ಕುಂಬಳೆ

ಮುಂದುವರಿಸಬಹುದು, ಬಿಗಿದ ಸ್ನಾಯುವಿಗೆ ಅದರಿಂದ ಹಿತವಾಗುತ್ತದೆ. ಎಣ್ಣೆ ಉಗುರುಬೆಚ್ಚಗಿರಲಿ, ಅದನ್ನು ಬೇರೆಯವರು ಮೊದಲು ತಮ್ಮ ಕೈಗೆ ಹಚ್ಚಿ ನೋಡಲಿ, ಏಕೆಂದರೆ ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾಗಿದ್ದರೆ ಸುಟ್ಟದ್ದೂ ಅವರಿಗೆ ತಿಳಿಯದು. ತೊಡೆಯ ಸ್ನಾಯುವನ್ನು ನೀವಿ, ಚಿಪ್ಪಿನ ಮೇಲೆ ಜೋರಾಗಿ ಒತ್ತಬೇಡಿ. ಮೊಣಕಾಲು ಊದಿದ್ದರೆ, ಬಿಸಿಯಾಗಿದ್ದರೆ, ಅಥವಾ ಬಿದ್ದು ಎರಡು ಮೂರು ದಿನಗಳೊಳಗಾದರೆ ಎಣ್ಣೆಯೂ ಬೇಡ, ಬಿಸಿಯೂ ಬೇಡ. ಆಗ ಬಟ್ಟೆಯಲ್ಲಿ ಸುತ್ತಿದ ಐಸ್‌ ಅನ್ನು ಹದಿನೈದು ನಿಮಿಷ ಇಟ್ಟು, ಚರ್ಮವನ್ನು ನಡುನಡುವೆ ನೋಡುತ್ತಿರಬೇಕು. ಜೆಲ್ ಹಚ್ಚುವ ಹೊತ್ತು ಮತ್ತು ಎಣ್ಣೆಯ ಹೊತ್ತು ಬೇರೆಬೇರೆ ಇಟ್ಟುಕೊಳ್ಳಿ.